ತರಬೇತಿ ವೈದ್ಯರ ಛಲ ಮತ್ತು ಸ್ವಭಾವವನ್ನು ಅಳೆಯುವ ಬಗೆ

ತರಬೇತಿಯಲ್ಲಿರುವ ವೈದ್ಯರ ಛಲವನ್ನು ಅಳೆಯಲು ಹೊರಡುವ ಅಧ್ಯಾಪಕರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಪ್ರಶ್ನಾವಳಿ ಒಳ್ಳೆಯದು ಎಂದು. ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಅಂಕಗಳು ಕೈಗೆ ಬಂದ ಮೇಲೆ ನಾವು ಏನು ಮಾಡಲಿದ್ದೇವೆ? ಒಬ್ಬೊಬ್ಬ ತರಬೇತಿ ವೈದ್ಯರ ಜೊತೆ ಕೂತು ಮಾತನಾಡಿ ಅವರಿಗೆ ನೆರವಾಗುವುದು ಒಂದು ಉದ್ದೇಶ. ತರಬೇತಿಯ ಕ್ರಮದಲ್ಲಿ ಎಲ್ಲಿ ಜನ ಸೋತು ಕೈಚೆಲ್ಲುತ್ತಿದ್ದಾರೆ ಎಂದು ಕಂಡುಕೊಂಡು ಆ ಕ್ರಮವನ್ನೇ ತಿದ್ದುವುದು ಇನ್ನೊಂದು. ಸಂಶೋಧನೆ ಮೂರನೆಯದು. ಈ ಮೂರಕ್ಕೂ ಇಂದು ಲಭ್ಯವಿರುವ ಸಾಧನಗಳು, ಎಚ್ಚರಿಕೆಯಿಂದ ಬಳಸಿದರೆ, ಉಪಯೋಗಕ್ಕೆ ಬರುತ್ತವೆ. ಆದರೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಮುಂದಿನ ವರ್ಷಕ್ಕೆ ಕಳಿಸಬಾರದು ಎಂಬ ತೀರ್ಮಾನಕ್ಕೆ, ಅವರೇ ತಮ್ಮ ಬಗ್ಗೆ ತುಂಬಿಕೊಟ್ಟ ಪ್ರಶ್ನಾವಳಿಯನ್ನು ಆಧಾರವಾಗಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇನೆ. ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದು, ಆ ವಾಕ್ಯವನ್ನೇ ತರಬೇತಿ ವೈದ್ಯರಿಗೆ ಕೊಡುವ ಒಪ್ಪಿಗೆ ಪತ್ರದ ಮೊದಲ ಸಾಲಾಗಿ ಮುದ್ರಿಸಿ. ಹಾಗೆ ಮುದ್ರಿಸಲು ಹಿಂಜರಿಕೆಯಾದರೆ ಆ ಉದ್ದೇಶದಲ್ಲೇ ಏನೋ ತೊಡಕಿದೆ ಎಂದು ತಿಳಿಯಬೇಕು.

ಛಲ ಎಂದು ಯಾವುದನ್ನು ಕರೆಯುತ್ತಿದ್ದೇವೆ

ಮನೋವಿಜ್ಞಾನದಲ್ಲಿ ‘ಗ್ರಿಟ್’ ಎಂದು ಕರೆಯುವ ಗುಣವನ್ನು ಏಂಜೆಲಾ ಡಕ್‌ವರ್ತ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದೀರ್ಘಕಾಲದ ಗುರಿಯ ಕಡೆಗಿನ ತುಡಿತ ಮತ್ತು ಎಡೆಬಿಡದ ಪ್ರಯತ್ನ ಎಂದು ವಿವರಿಸಿದರು. ಅದರಲ್ಲಿ ಎರಡು ಎಳೆಗಳಿವೆ. ಹಿನ್ನಡೆಯಾದರೂ ಪ್ರಯತ್ನ ಬಿಡದಿರುವುದು ಒಂದು. ಆಸಕ್ತಿ ವರ್ಷದಿಂದ ವರ್ಷಕ್ಕೆ ಬದಲಾಗದೆ ಒಂದೇ ಕಡೆ ನಿಲ್ಲುವುದು ಇನ್ನೊಂದು. ಈ ಎರಡನ್ನೂ ಒಟ್ಟಿಗೆ ಸೇರಿಸಿ ಒಂದೇ ಅಂಕ ಮಾಡುವುದರಿಂದ ವೈದ್ಯಕೀಯ ತರಬೇತಿಯಲ್ಲಿ ಬಹಳಷ್ಟು ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಒಂದೆರಡು ತಿಂಗಳಿಗೊಮ್ಮೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಬೇಕಾದ ಕಿರಿಯ ವೈದ್ಯರು ‘ನನ್ನ ಆಸಕ್ತಿ ಆಗಾಗ ಬದಲಾಗುತ್ತದೆ’ ಎಂಬ ಹೇಳಿಕೆಗೆ ಹೌದೆಂದರೆ ಅದು ಚಂಚಲತೆಯಲ್ಲ, ಅವರ ಡ್ಯೂಟಿ ಪಟ್ಟಿಯ ವರ್ಣನೆ.

ಛಲ ಎಂಬ ನಮ್ಮ ಪದದಲ್ಲಿ ಹಟದ ಛಾಯೆಯೂ ಇದೆ. ಬೇರೆ ವೃತ್ತಿಗಳಲ್ಲಿ ಇದು ದೊಡ್ಡ ವಿಷಯವಾಗದಿರಬಹುದು. ರೋಗಿಯ ಪಕ್ಕದಲ್ಲಿ ನಿಂತವರಿಗೆ ಆಗುತ್ತದೆ. ರಾತ್ರಿ ಎರಡು ಗಂಟೆಯ ಸುಮಾರಿಗೆ, ವಾಂತಿಭೇದಿಯಿಂದ ಮೈಯೆಲ್ಲ ಒಣಗಿದ ಮಗುವೊಂದಕ್ಕೆ ರಕ್ತನಾಳ ಸಿಗುತ್ತಿಲ್ಲ ಎಂದುಕೊಳ್ಳಿ. ಡ್ಯೂಟಿಯಲ್ಲಿರುವ ವೈದ್ಯರೊಬ್ಬರು ಎಡಗೈಯಲ್ಲಿ ಎರಡು ಸಲ, ಬಲಗೈಯಲ್ಲಿ ಎರಡು ಸಲ, ಪಾದದಲ್ಲಿ ಒಂದು ಸಲ ಸೂಜಿ ಚುಚ್ಚಿದ್ದಾರೆ. ಹಿರಿಯರನ್ನು ಎಬ್ಬಿಸಿದರೆ ತಾನು ಕೈಲಾಗದವನೆಂದು ಅಂದುಕೊಂಡಾರು ಎಂಬ ಅಳುಕಿನಿಂದ ಆರನೆಯ ಸಲಕ್ಕೆ ಸಿದ್ಧರಾಗುತ್ತಿದ್ದಾರೆ. ಇನ್ನೊಬ್ಬರು ಇದೇ ಪರಿಸ್ಥಿತಿಯಲ್ಲಿ ಎರಡನೆಯ ಪ್ರಯತ್ನ ವಿಫಲವಾದ ಕೂಡಲೇ ಹಿರಿಯರಿಗೆ ಫೋನ್ ಮಾಡುತ್ತಾರೆ, ಅವರು ಬಂದು ನಾಳ ಹಿಡಿಯುವಾಗ ಪಕ್ಕದಲ್ಲೇ ನಿಂತು ಸೂಜಿಯ ಕೋನವನ್ನು ಗಮನಿಸುತ್ತಾರೆ, ಮರುದಿನದಿಂದ ಮಕ್ಕಳ ವಾರ್ಡಿನಲ್ಲಿ ಅನುಭವಿ ನರ್ಸ್ ಒಬ್ಬರ ಜೊತೆ ನಿಂತು ಕಲಿಯುತ್ತಾರೆ, ಮೂರು ವಾರದಲ್ಲಿ ಕೈ ಕುದುರಿಸಿಕೊಳ್ಳುತ್ತಾರೆ. ‘ಹಿಡಿದ ಕೆಲಸವನ್ನು ಮುಗಿಸದೆ ಬಿಡುವುದಿಲ್ಲ’ ಎಂಬ ಹೇಳಿಕೆಗೆ ಮೊದಲನೆಯವರು ಐದಕ್ಕೆ ಐದು ಕೊಟ್ಟುಕೊಳ್ಳಬಹುದು, ಎರಡನೆಯವರು ನಾಲ್ಕನ್ನೇ ಕೊಟ್ಟುಕೊಳ್ಳಬಹುದು. ನಾವು ಬೆಳೆಸಬೇಕೆಂದಿರುವುದು ಎರಡನೆಯವರ ಛಲವನ್ನು. ಆದ್ದರಿಂದ ನೀವು ಯಾವ ಸಾಧನವನ್ನೇ ಆರಿಸಿಕೊಳ್ಳಿ, ಸಹಾಯ ಕೇಳುವ ಗುಣವನ್ನು ಛಲದ ವಿರುದ್ಧ ಪಕ್ಷದಲ್ಲಿ ನಿಲ್ಲಿಸದೆ ಅದರ ಭಾಗವಾಗಿಯೇ ನೋಡಲು ಪ್ರತ್ಯೇಕ ಏರ್ಪಾಡು ಮಾಡಿಕೊಳ್ಳಿ.

ಅಳತೆಗೋಲಿನ ಆಯ್ಕೆ

ಛಲಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎರಡು ಮಾಪನಗಳು: 2007ರ 12 ಹೇಳಿಕೆಗಳ ಮೂಲ ಗ್ರಿಟ್ ಮಾಪನ, ಮತ್ತು ಡಕ್‌ವರ್ತ್ ಹಾಗೂ ಪ್ಯಾಟ್ರಿಕ್ ಕ್ವಿನ್ 2009ರಲ್ಲಿ ಸಿದ್ಧಪಡಿಸಿದ 8 ಹೇಳಿಕೆಗಳ ಕಿರು ಮಾಪನ. ಎರಡರಲ್ಲೂ ಪ್ರತಿ ಹೇಳಿಕೆ ತನಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು 1ರಿಂದ 5ರವರೆಗಿನ ಶ್ರೇಣಿಯಲ್ಲಿ ಗುರುತಿಸಬೇಕು. ಬಿಡುವಿಲ್ಲದ ತರಬೇತಿ ವೈದ್ಯರಿಗೆ ಕಿರು ಮಾಪನವೇ ಸಾಕು.

ಸ್ವಭಾವದ ಮಾಪನಕ್ಕೆ ಐದು ಆಯಾಮಗಳ ಮಾದರಿಯೇ ಇಂದು ಗಟ್ಟಿ ನೆಲೆ. ಹೊಸತಿಗೆ ಮನಸ್ಸು ತೆರೆದಿರುವುದು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಇತರರೊಂದಿಗೆ ಹೊಂದಿಕೊಳ್ಳುವ ಸೌಹಾರ್ದ, ಮತ್ತು ಭಾವನೆಗಳ ಏರಿಳಿತ ಇವೇ ಆ ಐದು. ಕೋಸ್ಟಾ ಮತ್ತು ಮ್ಯಾಕ್ರೇ 1992ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 240 ಹೇಳಿಕೆಗಳಿವೆ. ಅದನ್ನು ಬಳಸಲು ಹಣ ಕೊಟ್ಟು ಅನುಮತಿ ಪಡೆಯಬೇಕು, ತುಂಬಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಇನ್ನೊಂದು ತುದಿಯಲ್ಲಿ 2003ರಲ್ಲಿ ಬಂದ 10 ಹೇಳಿಕೆಗಳ ಅತಿ ಕಿರು ಮಾಪನವಿದೆ. ಒಂದೊಂದು ಆಯಾಮಕ್ಕೆ ಎರಡೇ ಹೇಳಿಕೆಗಳಿರುವುದರಿಂದ ಅದು ದೊಡ್ಡ ಗುಂಪಿನ ಸಂಶೋಧನೆಗೆ ಒದಗೀತೇ ಹೊರತು ಒಬ್ಬ ವ್ಯಕ್ತಿಯ ಬಗ್ಗೆ ಏನನ್ನಾದರೂ ಹೇಳಲು ಸಾಲದು. ನಡುವೆ ನಿಲ್ಲುವುದು ಸೋಟೋ ಮತ್ತು ಜಾನ್ 2017ರಲ್ಲಿ ಪರಿಷ್ಕರಿಸಿದ 60 ಹೇಳಿಕೆಗಳ ಪ್ರಶ್ನಾವಳಿ. ಹತ್ತು ನಿಮಿಷದಲ್ಲಿ ಮುಗಿಯುವ ಇದನ್ನೇ ನಾನು ಹೆಚ್ಚಿನ ಸಂದರ್ಭಗಳಲ್ಲಿ ಸೂಚಿಸುತ್ತೇನೆ. ಪ್ರಾಮಾಣಿಕತೆ ಮತ್ತು ವಿನಯವನ್ನು ಆರನೆಯ ಆಯಾಮವಾಗಿ ಸೇರಿಸಿಕೊಂಡಿರುವ ಹೆಕ್ಸಾಕೊ ಮಾದರಿಯೂ ವೈದ್ಯವೃತ್ತಿಯ ದೃಷ್ಟಿಯಿಂದ ಗಮನಾರ್ಹ. ಜನರನ್ನು ಹದಿನಾರು ಬಗೆಗಳಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಸ್ವಭಾವ ಎಂಬುದು ಸ್ವಲ್ಪದಿಂದ ಹೆಚ್ಚಿನವರೆಗೆ ಹರಡಿಕೊಂಡಿರುವ ಸಂಗತಿ; ಅದನ್ನು ನಡುವೆ ಗೆರೆ ಎಳೆದು ಎರಡು ಪಾಲು ಮಾಡಿದರೆ ಗೆರೆಯ ಅಕ್ಕಪಕ್ಕದಲ್ಲಿರುವವರು ಮುಂದಿನ ಸಲ ಬೇರೆಯೇ ಬಗೆಯವರಾಗಿ ಕಾಣಿಸಿಕೊಳ್ಳುತ್ತಾರೆ.

ಛಲ ಮತ್ತು ಕರ್ತವ್ಯನಿಷ್ಠೆ ಬೇರೆಬೇರೆಯೇ ಎಂಬ ಪ್ರಶ್ನೆಯನ್ನು ಇಲ್ಲಿಯೇ ಎದುರಿಸಬೇಕು. ಮಾರ್ಕಸ್ ಕ್ರೆಡೆ ಮತ್ತು ಸಹಸಂಶೋಧಕರು 88 ಮಾದರಿಗಳ ಒಟ್ಟು 66,807 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಛಲದ ಅಂಕಕ್ಕೂ ಕರ್ತವ್ಯನಿಷ್ಠೆಯ ಅಂಕಕ್ಕೂ ನಡುವಿನ ಸಹಸಂಬಂಧ (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಎರಡೂ ಪೂರ್ತಿ ಒಟ್ಟಿಗೆ ಏರಿಳಿಯುತ್ತವೆ) 0.84 ಎಂದು ಕಂಡುಬಂತು. ಅಂದರೆ ಎರಡೂ ಬಹುಮಟ್ಟಿಗೆ ಒಂದೇ ನೀರಿನ ಎರಡು ಪಾತ್ರೆಗಳು. ಸಾಧನೆಯೊಂದಿಗೆ ಛಲದ ಸಹಸಂಬಂಧ 0.18 ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ಬರುವುದು ಎಡೆಬಿಡದ ಪ್ರಯತ್ನದ ಎಳೆಯಿಂದ, ಆಸಕ್ತಿಯ ಸ್ಥಿರತೆಯಿಂದ ಅಲ್ಲ. ಹೀಗಾಗಿ ಎರಡೂ ಪ್ರಶ್ನಾವಳಿಗಳನ್ನು ಕೊಟ್ಟು, ಎರಡರಲ್ಲೂ ಹೆಚ್ಚು ಅಂಕ ಬಂದಿತೆಂದು ಒಂದು ಇನ್ನೊಂದನ್ನು ಸಮರ್ಥಿಸಿತು ಎಂದುಕೊಳ್ಳಬಾರದು. ಒಂದೇ ಮಾತನ್ನು ಎರಡು ಸಲ ಕೇಳಿದ್ದೀರಿ, ಅಷ್ಟೆ.

ಕರ್ತವ್ಯನಿಷ್ಠೆಯ ಮಾಪನ ವ್ಯರ್ಥವೆಂದು ಇದರ ಅರ್ಥವಲ್ಲ. ಬೆಲ್ಜಿಯಂನಲ್ಲಿ ಫಿಲಿಪ್ ಲೀವೆನ್ಸ್ ಮತ್ತು ಸಂಗಡಿಗರು ವೈದ್ಯಕೀಯ ವಿದ್ಯಾರ್ಥಿಗಳ ಒಂದು ತಂಡವನ್ನು ವರ್ಷಗಳ ಕಾಲ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರ್ತವ್ಯನಿಷ್ಠೆಗೂ ಅಂಕಗಳಿಗೂ ನಡುವಿನ ಸಂಬಂಧ ಮೊದಲ ವರ್ಷದ 0.18ರಿಂದ ಕೊನೆಯ ವರ್ಷಗಳಲ್ಲಿ 0.45ಕ್ಕೆ ಏರಿತು. ಪಾಠದ ಕೋಣೆಯಿಂದ ವಾರ್ಡಿಗೆ ಬಂದ ಮೇಲೆ ಸ್ವಭಾವದ ಪಾಲು ಹೆಚ್ಚುತ್ತದೆ ಎಂಬುದು ಅದರ ಸಾರ. ಪ್ರವೇಶದ ಹೊತ್ತಿನಲ್ಲಿ ಸ್ವಭಾವ ಮುಖ್ಯವಲ್ಲವೆಂದು ಕಂಡ ಕೂಡಲೇ ಮಾಪನವನ್ನು ಮೂಲೆಗಿಡುವವರು ಇದನ್ನು ಗಮನಿಸಬೇಕು.

ಹೇಳಿಕೆಗಳನ್ನು ಕನ್ನಡಕ್ಕೆ ತರುವಾಗ

ತರಬೇತಿ ವೈದ್ಯರಿಗೆ ಇಂಗ್ಲಿಷ್ ಬರುತ್ತದೆಂದು ಮೂಲ ಪ್ರಶ್ನಾವಳಿಯನ್ನೇ ಕೊಡುವುದುಂಟು. ಪಠ್ಯಪುಸ್ತಕದ ಇಂಗ್ಲಿಷ್ ಬೇರೆ, ತನ್ನ ಮನಸ್ಸಿನ ಬಗ್ಗೆ ಹೇಳಿಕೊಳ್ಳುವ ಭಾಷೆ ಬೇರೆ. ಅನುವಾದಿಸುವುದಾದರೆ ಇಬ್ಬರು ಪ್ರತ್ಯೇಕವಾಗಿ ಅನುವಾದಿಸಿ, ಕೂತು ಒಂದು ಪಾಠವನ್ನು ಒಪ್ಪಿಕೊಂಡು, ಮೂಲವನ್ನು ನೋಡದ ಮೂರನೆಯವರಿಂದ ಅದನ್ನು ಮರಳಿ ಇಂಗ್ಲಿಷಿಗೆ ತರಿಸಿ ಹೋಲಿಸಬೇಕು. ಇಷ್ಟಾದರೂ ಕೆಲವು ತೊಡಕುಗಳು ಉಳಿಯುತ್ತವೆ. ‘ಹಿನ್ನಡೆಯಾದರೆ ನಾನು ಎದೆಗುಂದುವುದಿಲ್ಲ’ ಎಂಬ ಹೇಳಿಕೆಗೆ ‘ನನಗೆ ಇದು ಸ್ವಲ್ಪವೂ ಹೊಂದುವುದಿಲ್ಲ’ ಎಂದು ಗುರುತು ಹಾಕಬೇಕಾದವರು ಎರಡು ‘ಇಲ್ಲ’ಗಳ ನಡುವೆ ಸಿಕ್ಕಿಕೊಂಡು ತಮಗೆ ಬೇಕಾದುದಕ್ಕೆ ವಿರುದ್ಧವಾದ ಕಡೆ ಗುರುತು ಹಾಕುತ್ತಾರೆ. ‘ಹಿನ್ನಡೆಯಾದರೂ ನನ್ನ ಉತ್ಸಾಹ ಉಳಿದಿರುತ್ತದೆ’ ಎಂದು ತಿರುಗಿಸಿ ಬರೆದರೆ ಈ ಗೊಂದಲ ತಪ್ಪುತ್ತದೆ.

ಬಳಸುವ ಮುನ್ನ ಎಂಟು ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಪ್ರತಿ ಹೇಳಿಕೆಯನ್ನೂ ಗಟ್ಟಿಯಾಗಿ ಓದಿಸಿ, ಅವರಿಗೆ ಏನು ತೋಚಿತೆಂದು ಕೇಳಿ ಬರೆದುಕೊಳ್ಳಿ. ‘ಯೋಜನೆ’ ಎಂಬ ಪದವನ್ನು ಒಬ್ಬರು ಸಂಶೋಧನಾ ಪ್ರಬಂಧವೆಂದೂ ಇನ್ನೊಬ್ಬರು ಮುಂದಿನ ಬದುಕಿನ ಲೆಕ್ಕಾಚಾರವೆಂದೂ ತಿಳಿಯುತ್ತಿದ್ದರೆ ಆ ಹೇಳಿಕೆಯ ಅಂಕಗಳನ್ನು ಕೂಡಿಸುವುದರಲ್ಲಿ ಅರ್ಥವಿಲ್ಲ. ಈ ಒಂದು ಹಂತವನ್ನು ಬಿಟ್ಟುಬಿಡುವುದರಿಂದ ಹಾಳಾದಷ್ಟು ಅಧ್ಯಯನಗಳು ಮತ್ತಾವ ಕಾರಣದಿಂದಲೂ ಹಾಳಾಗಿರಲಾರವು ಎಂದು ನನಗೆ ಅನ್ನಿಸುತ್ತದೆ.

ಕೊಡುವ ಹೊತ್ತು, ಕೊಡುವ ಕೈ

ರಾತ್ರಿ ಡ್ಯೂಟಿ ಮುಗಿಸಿ ಬಂದವರಿಗೆ, ಪರೀಕ್ಷೆಯ ಫಲಿತಾಂಶದ ವಾರದಲ್ಲಿ, ಅಥವಾ ಘಟಕದಲ್ಲಿ ಸಾವು ಸಂಭವಿಸಿದ ದಿನ ಪ್ರಶ್ನಾವಳಿ ಕೊಡಬೇಡಿ. ಆಗ ಬರುವುದು ಅಂದಿನ ಮನಸ್ಥಿತಿಯ ಅಳತೆ. ಯಾರು ಅವರ ಲಾಗ್‌ಬುಕ್‌ಗೆ ಸಹಿ ಹಾಕುತ್ತಾರೋ, ಅಂಕ ಕೊಡುತ್ತಾರೋ, ಅವರು ಪ್ರಶ್ನಾವಳಿಯನ್ನು ಹಂಚಲೂ ಬಾರದು, ಸಂಗ್ರಹಿಸಲೂ ಬಾರದು. ಹೆಸರಿನ ಬದಲು ಸಂಕೇತ ಸಂಖ್ಯೆ ಇರಲಿ. ಸಂಖ್ಯೆ ಯಾರದೆಂಬ ಪಟ್ಟಿ ವಿಭಾಗದ ಹೊರಗಿನ ಒಬ್ಬರ ಬಳಿ ಮಾತ್ರ ಇರಲಿ. ನಿರಾಕರಿಸಿದರೆ ಅಥವಾ ನಡುವೆ ಬಿಟ್ಟರೆ ಯಾವ ತೊಂದರೆಯೂ ಆಗುವುದಿಲ್ಲವೆಂಬುದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ ಬರೆದು ಕೊಡಬೇಕು. ಸಂಶೋಧನೆಯಾದರೆ ನೈತಿಕ ಸಮಿತಿಯ ಒಪ್ಪಿಗೆ ಹೇಗೂ ಬೇಕು. ನೆರವಿಗಾಗಿ ಮಾಡುವ ಮಾಪನಕ್ಕೂ ಅದೇ ಮಟ್ಟದ ಎಚ್ಚರ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಧ್ಯಾಪಕರು ಕೇಳಿದಾಗ ಆಗುವುದಿಲ್ಲ ಎನ್ನುವುದು ಕಿರಿಯ ವೈದ್ಯರಿಗೆ ಸುಲಭವಲ್ಲ.

ಯಾರು ತುಂಬಿಕೊಡಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಚ್ಚು ಬಳಲಿದವರೇ ಪ್ರಶ್ನಾವಳಿಯನ್ನು ಪಕ್ಕಕ್ಕಿಡುವ ಸಂಭವ ಹೆಚ್ಚು. ಹಾಗಾದಾಗ ಗುಂಪಿನ ಸರಾಸರಿ ವಾಸ್ತವಕ್ಕಿಂತ ಚೆನ್ನಾಗಿ ಕಾಣುತ್ತದೆ.

ಅಂಕ ಹಾಕುವುದು, ಅಂಕವನ್ನು ನಂಬಬೇಕಾದಷ್ಟೇ ನಂಬುವುದು

ಎಂಟು ಹೇಳಿಕೆಗಳ ಕಿರು ಮಾಪನದಲ್ಲಿ ನಾಲ್ಕು ಪ್ರಯತ್ನಕ್ಕೆ, ನಾಲ್ಕು ಆಸಕ್ತಿಯ ಸ್ಥಿರತೆಗೆ ಸೇರಿದವು. ಆಸಕ್ತಿಯ ಹೇಳಿಕೆಗಳೆಲ್ಲ ‘ಹೊಸ ವಿಚಾರ ಬಂದರೆ ಹಳೆಯದರಿಂದ ಮನಸ್ಸು ಸರಿಯುತ್ತದೆ’ ಎಂಬ ಧಾಟಿಯವು. ಅವುಗಳ ಅಂಕವನ್ನು 6ರಿಂದ ಕಳೆದು ತಿರುಗಿಸಿಕೊಳ್ಳಬೇಕು. ಒಬ್ಬರ ಹಾಳೆಯನ್ನು ತೆಗೆದುಕೊಳ್ಳೋಣ. ಪ್ರಯತ್ನದ ನಾಲ್ಕು ಹೇಳಿಕೆಗಳಿಗೆ ಅವರು 4, 5, 4, 4 ಹಾಕಿದ್ದಾರೆ. ಮೊತ್ತ 17, ಸರಾಸರಿ 4.25. ಆಸಕ್ತಿಯ ಹೇಳಿಕೆಗಳಿಗೆ 4, 3, 4, 2 ಹಾಕಿದ್ದಾರೆ. ತಿರುಗಿಸಿದರೆ 2, 3, 2, 4 ಆಗಿ ಮೊತ್ತ 11, ಸರಾಸರಿ 2.75. ಎಂಟರ ಒಟ್ಟು ಸರಾಸರಿ 3.5. ಈ 3.5 ಎಂಬ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಇವರು ಸಾಧಾರಣವಾಗಿ ಕಾಣುತ್ತಾರೆ. ಎರಡು ಎಳೆಗಳನ್ನು ಬಿಡಿಸಿ ನೋಡಿದರೆ, ದುಡಿಯುವುದರಲ್ಲಿ ಹಿಂದೆ ಬೀಳದ, ಆದರೆ ಯಾವ ವಿಭಾಗ ತನ್ನದೆಂದು ಇನ್ನೂ ಗೊತ್ತುಮಾಡಿಕೊಳ್ಳದ ವ್ಯಕ್ತಿಯೊಬ್ಬರು ಎದುರು ನಿಲ್ಲುತ್ತಾರೆ. ಅವರಿಗೆ ಬೇಕಾದುದು ಛಲದ ಉಪದೇಶವಲ್ಲ, ವಿಶೇಷತೆಯ ಆಯ್ಕೆಯ ಬಗ್ಗೆ ಒಂದು ಮಾತುಕತೆ.

ಇನ್ನು ಆ 3.5 ಎಷ್ಟು ಗಟ್ಟಿ? ಯಾವ ಅಳತೆಯಲ್ಲೂ ದೋಷ ಇದ್ದೇ ಇರುತ್ತದೆ. ಅದನ್ನು ಲೆಕ್ಕ ಹಾಕಲು ಗುಂಪಿನ ಮಾನಕ ವಿಚಲನೆಯನ್ನು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ), 1ರಿಂದ ವಿಶ್ವಸನೀಯತೆಯ ಗುಣಾಂಕವನ್ನು (ಮಾಪನ ಎಷ್ಟು ಸ್ಥಿರವಾಗಿ ಅಳೆಯುತ್ತದೆ ಎಂದು 0ರಿಂದ 1ರವರೆಗೆ ಹೇಳುವ ಸಂಖ್ಯೆ) ಕಳೆದು ಬಂದುದರ ವರ್ಗಮೂಲದಿಂದ ಗುಣಿಸಬೇಕು. ಮಾನಕ ವಿಚಲನೆ 0.6, ವಿಶ್ವಸನೀಯತೆ 0.8 ಎಂದಿಟ್ಟುಕೊಂಡರೆ ದೋಷ ಸುಮಾರು 0.27. ಶೇ 95ರ ಭರವಸೆಯಲ್ಲಿ ಹೇಳುವುದಾದರೆ ಈ ವ್ಯಕ್ತಿಯ ನಿಜವಾದ ಅಂಕ 2.97 ಮತ್ತು 4.03ರ ನಡುವೆ ಎಲ್ಲಿಯಾದರೂ ಇರಬಹುದು. ಇಬ್ಬರನ್ನು ಹೋಲಿಸುವಾಗ ದೋಷ ಇನ್ನೂ ಹಿಗ್ಗುತ್ತದೆ: ಇಬ್ಬರ ಅಂಕಗಳ ನಡುವೆ ಸುಮಾರು 0.75ರಷ್ಟಾದರೂ ಅಂತರವಿದ್ದರೆ ಮಾತ್ರ ಅವರು ಬೇರೆಬೇರೆ ಎಂದು ಹೇಳಬಹುದು. 3.5 ಪಡೆದವರನ್ನು 3.2 ಪಡೆದವರಿಗಿಂತ ಮೇಲೆ ಕೂರಿಸುವ ಪಟ್ಟಿಯನ್ನು ತಯಾರಿಸುವವರು ಈ ಲೆಕ್ಕವನ್ನು ಒಮ್ಮೆ ತಮ್ಮ ಕೈಯಾರೆ ಮಾಡಿ ನೋಡಬೇಕು. ನಿಮ್ಮ ಗುಂಪಿನ ವಿಶ್ವಸನೀಯತೆಯನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ಬೇರೆ ದೇಶದ, ಬೇರೆ ವಯಸ್ಸಿನವರ ಗುಂಪಿನಲ್ಲಿ ಬಂದ ಗುಣಾಂಕವನ್ನು ಎರವಲು ತರಬೇಡಿ.

ಅಳತೆಯ ದೋಷವಲ್ಲದೆ ವಾಲುವಿಕೆಯೂ ಇದೆ. ಜನ ತಮ್ಮನ್ನು ಯಾರ ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳೆಯುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಕಟ್ಟುನಿಟ್ಟಾದ ಘಟಕದಲ್ಲಿ ಸುತ್ತಲೂ ಹಗಲಿರುಳು ದುಡಿಯುವವರನ್ನೇ ಕಾಣುವ ವೈದ್ಯರು ತಮಗೆ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೆ. ಸಡಿಲವಾದ ಘಟಕದಲ್ಲಿರುವವರು ಹೆಚ್ಚು ಕೊಟ್ಟುಕೊಳ್ಳುತ್ತಾರೆ. ಡಕ್‌ವರ್ತ್ ಅವರೇ ಡೇವಿಡ್ ಯೀಗರ್ ಜೊತೆ 2015ರಲ್ಲಿ ಬರೆದ ಲೇಖನದಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಇಂಥ ಪ್ರಶ್ನಾವಳಿಗಳನ್ನು ಶಾಲೆಗಳ ಹೊಣೆಗಾರಿಕೆಯನ್ನು ಅಳೆಯುವಂಥ ದೊಡ್ಡ ತೀರ್ಮಾನಗಳಿಗೆ ಬಳಸುವ ಬಗ್ಗೆ ಎಚ್ಚರಿಸಿದ್ದಾರೆ. ಮಾಪನವನ್ನು ರೂಪಿಸಿದವರೇ ಹೀಗೆ ಹೇಳಿರುವಾಗ ಆಯ್ಕೆಗಾಗಿ ಅದನ್ನು ಬಳಸಲು ನಮಗೆ ಯಾವ ಸಮರ್ಥನೆ ಇದೆ? ಆಯ್ಕೆಯ ಸಂದರ್ಭದಲ್ಲಂತೂ ಯಾವ ಉತ್ತರ ಮೆಚ್ಚುಗೆ ಪಡೆಯುತ್ತದೆಂದು ಊಹಿಸುವುದು ಬುದ್ಧಿವಂತ ಅಭ್ಯರ್ಥಿಗಳಿಗೆ ಕಷ್ಟವೇ ಅಲ್ಲ. ಸ್ವಭಾವವನ್ನು ಪ್ರವೇಶದ ಹೊತ್ತಿನಲ್ಲೇ ನೋಡಬೇಕೆಂದಿದ್ದರೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಹಲವು ಕಿರು ನಿಲ್ದಾಣಗಳಲ್ಲಿ ಹಲವು ಪರೀಕ್ಷಕರು ಸ್ವತಂತ್ರವಾಗಿ ಅಂಕ ಕೊಡುವ ಸಂದರ್ಶನದ ಪದ್ಧತಿಯ ಕಡೆ ನೋಡುವುದು ಮೇಲು.

ಕಣ್ಣಾರೆ ಕಂಡುದನ್ನು ಬರೆಯುವುದು

ಪ್ರಶ್ನಾವಳಿಗಿಂತ ಹೆಚ್ಚು ತಿಳಿಸಿಕೊಡುವುದು ವಾರ್ಡಿನಲ್ಲಿ ಮಾಡಿದ ಗಮನಿಕೆ, ಅದನ್ನು ಕ್ರಮವಾಗಿ ಮಾಡಿದರೆ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದಂತೆ ಒಂದು ಗುಣದ ಬಗ್ಗೆ ಮೂಡಿದ ಅಭಿಪ್ರಾಯ ಉಳಿದ ಗುಣಗಳ ಅಂಕಗಳಿಗೂ ಬಣ್ಣ ಹಚ್ಚುತ್ತದೆ. ಚುರುಕಾಗಿ ಇಂಗ್ಲಿಷ್ ಮಾತನಾಡುವವರಿಗೆ ಶ್ರದ್ಧೆಯಲ್ಲೂ ಹೆಚ್ಚು ಅಂಕ ಬೀಳುವುದು, ಮೌನಿಗಳಿಗೆ ಆಸಕ್ತಿ ಇಲ್ಲವೆಂದು ಬರೆಯುವುದು ನಾವೆಲ್ಲ ಕಂಡಿರುವ ಸಂಗತಿ. ಇದಕ್ಕೆ ಪರಿಹಾರ, ಗುಣದ ಹೆಸರು ಬರೆಯದೆ ನಡೆದುದನ್ನು ಬರೆಯುವುದು.

ಒಂದೇ ದಿನದ ಬಗ್ಗೆ ಇಬ್ಬರು ಹಿರಿಯರು ಬರೆಯಬಹುದಾದ ಎರಡು ಟಿಪ್ಪಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು: ‘ಶ್ರದ್ಧೆ ಸಾಲದು. ಕೆಲಸ ತಪ್ಪಿಸಿಕೊಳ್ಳುವ ಸ್ವಭಾವ.’ ಎರಡನೆಯದು: ‘ಸೋಮವಾರ ಬೆಳಗಿನ ರೌಂಡ್ಸ್ ಹೊತ್ತಿಗೆ ಮೂವರು ರೋಗಿಗಳ ರಕ್ತಪರೀಕ್ಷೆಯ ವರದಿಗಳನ್ನು ತಂದಿರಲಿಲ್ಲ. ಎರಡು ಸಲ ಲ್ಯಾಬ್‌ಗೆ ಹೋದರೂ ವರದಿ ಸಿದ್ಧವಾಗಿರಲಿಲ್ಲ ಎಂದರು. ಮಧ್ಯಾಹ್ನ 2 ಗಂಟೆಗೆ ಯಾರೂ ನೆನಪಿಸದೆ ತಾವೇ ಹೋಗಿ ತಂದರು; ಒಬ್ಬ ರೋಗಿಯ ಪೊಟ್ಯಾಸಿಯಂ 6.1 ಇರುವುದನ್ನು ಗಮನಿಸಿ ಕೂಡಲೇ ಇಸಿಜಿ ಮಾಡಿಸಿ ಹಿರಿಯರಿಗೆ ಫೋನ್ ಮಾಡಿದರು.’ ಮೊದಲ ಟಿಪ್ಪಣಿ ಒಬ್ಬರ ಮೇಲೆ ಹಣೆಪಟ್ಟಿ ಅಂಟಿಸಿತು. ಎರಡನೆಯದನ್ನು ಓದಿದವರಿಗೆ ವರದಿ ತಡವಾದುದರಲ್ಲಿ ಲ್ಯಾಬ್‌ನ ಪಾಲೆಷ್ಟು ಎಂದೂ ಗೊತ್ತಾಗುತ್ತದೆ, ಬಿಟ್ಟ ಕೆಲಸವನ್ನು ಮರಳಿ ಹಿಡಿಯುವ ಗುಣ ಈ ವೈದ್ಯರಲ್ಲಿದೆ ಎಂದೂ ಗೊತ್ತಾಗುತ್ತದೆ.

ಯಾವುದನ್ನು ಗಮನಿಸಬೇಕೆಂದು ಮೊದಲೇ ಒಪ್ಪಿಕೊಳ್ಳಿ. ಛಲದ ವಿಷಯದಲ್ಲಿ: ಕೈತಪ್ಪಿದ ವಿಧಾನವನ್ನು ಕಲಿಯಲು ಮತ್ತೆ ಬರುತ್ತಾರೆಯೇ, ತಮ್ಮ ಮೇಲೆ ರೇಗಿದ ರೋಗಿಯ ಹಾಸಿಗೆಯ ಬಳಿಗೆ ಮರುದಿನವೂ ಹೋಗುತ್ತಾರೆಯೇ, ಮಿತಿ ತಿಳಿದ ಕೂಡಲೇ ಸಹಾಯ ಕೇಳುತ್ತಾರೆಯೇ. ಕರ್ತವ್ಯನಿಷ್ಠೆಗೆ ಡ್ಯೂಟಿ ಬದಲಾಗುವ ಹೊತ್ತಿನ ಹ್ಯಾಂಡೋವರ್‌ಗಿಂತ ಒಳ್ಳೆಯ ಕಿಟಕಿ ಇಲ್ಲ. ಬಾಕಿ ಉಳಿದ ಕೆಲಸಗಳನ್ನು ಮುಂದಿನವರಿಗೆ ಎಷ್ಟು ಪೂರ್ತಿಯಾಗಿ ಹೇಳಿದರು ಎಂಬುದನ್ನು ಎಣಿಸಿಯೇ ನೋಡಬಹುದು. ಭಾವನೆಗಳ ಏರಿಳಿತ ಕಾಣುವುದು ತಪ್ಪಾದ ನಂತರದ ಮೊದಲ ಗಂಟೆಯಲ್ಲಿ. ಸೌಹಾರ್ದವನ್ನು ಅಳೆಯಬೇಕಾದವರು ಹಿರಿಯ ವೈದ್ಯರಲ್ಲ, ಏಕೆಂದರೆ ಅವರೆದುರು ಎಲ್ಲರೂ ಸೌಮ್ಯರೇ. ನರ್ಸ್‌ಗಳನ್ನು, ವಾರ್ಡಿನ ಸಹಾಯಕರನ್ನು, ಜೊತೆಯ ಕಿರಿಯರನ್ನು ಕೇಳಬೇಕು. ಒಬ್ಬರ ಬಗ್ಗೆ ಒಬ್ಬರೇ ಬರೆದರೆ ಅದು ಅವರ ಅಭಿಪ್ರಾಯವಾಗಿ ಉಳಿಯುತ್ತದೆ; ಎಂಟು ಹತ್ತು ಮಂದಿ ಬೇರೆಬೇರೆ ವಾರಗಳಲ್ಲಿ ಬರೆದುದು ಒಂದೇ ದಿಕ್ಕಿಗೆ ತೋರಿಸಿದಾಗ ಅದಕ್ಕೆ ತೂಕ ಬರುತ್ತದೆ. ಮಿನಿ-ಸಿಇಎಕ್ಸ್‌ನಂತಹ, ರೋಗಿಯೊಂದಿಗಿನ ಹದಿನೈದಿಪ್ಪತ್ತು ನಿಮಿಷಗಳ ಭೇಟಿಯನ್ನು ನೇರವಾಗಿ ನೋಡಿ ಆಗಲೇ ಹಿಮ್ಮಾಹಿತಿ ಕೊಡುವ ಪದ್ಧತಿ ನಿಮ್ಮಲ್ಲಿ ಈಗಾಗಲೇ ಇದ್ದರೆ, ಅದೇ ಹಾಳೆಯಲ್ಲಿ ಎರಡು ಸಾಲು ಜಾಗ ಮಾಡಿಕೊಳ್ಳುವುದು ಸಾಕು. ಹೊಸ ನಮೂನೆ ಬೇಡ.

ಅಂಕ ಕಡಿಮೆ ಬಂದಾಗ

ಕಡಿಮೆ ಅಂಕ ಕಂಡಾಗ ಮೊದಲು ತೆರೆಯಬೇಕಾದುದು ಡ್ಯೂಟಿ ಪಟ್ಟಿ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಿಂದೊಮ್ಮೆ ಪ್ರಯತ್ನದ ಅಂಕ ಬಹಳ ಕಡಿಮೆ ಬಂದಿದ್ದ ತರಬೇತಿ ವೈದ್ಯರೊಬ್ಬರನ್ನು ಕರೆದು ಕೂರಿಸಿ, ಸತತ ಪರಿಶ್ರಮದ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು ‘ಆಯಿತು ಸರ್’ ಎಂದು ಎದ್ದು ಹೋದರು. ಕಾಯಿಲೆ ಬಿದ್ದ ಸಹೋದ್ಯೋಗಿಯ ರಾತ್ರಿ ಡ್ಯೂಟಿಗಳನ್ನೂ ಸೇರಿಸಿ ಅವರು ಮೂರು ವಾರಗಳಿಂದ ಒಂದು ದಿನವೂ ಬಿಡುವಿಲ್ಲದೆ ದುಡಿಯುತ್ತಿದ್ದರೆಂದು ನನಗೆ ತಿಳಿದದ್ದು ತಿಂಗಳ ನಂತರ. ಅಷ್ಟು ಛಲವಿದ್ದ ವ್ಯಕ್ತಿಗೆ ನಾನು ಛಲದ ಪಾಠ ಹೇಳಿದ್ದೆ. ಬಳಲಿದ ಮನುಷ್ಯ ತನ್ನ ಬಗ್ಗೆ ತಾನೇ ಕಠೋರವಾಗಿ ಬರೆದುಕೊಳ್ಳುತ್ತಾನೆ ಎಂಬುದನ್ನು ಅಂದಿನಿಂದ ಮರೆತಿಲ್ಲ.

ಆದ್ದರಿಂದ ಛಲದ ಪ್ರಶ್ನಾವಳಿಯ ಜೊತೆಗೆ ಕೆಲಸದ ಗಂಟೆಗಳು, ಕಳೆದ ತಿಂಗಳ ರಾತ್ರಿ ಡ್ಯೂಟಿಗಳ ಸಂಖ್ಯೆ, ನಿದ್ರೆ ಇವನ್ನೂ ಕೇಳಿ. ಬಳಲಿಕೆಯನ್ನು ಅಳೆಯಲು ಕ್ರಿಸ್ಟಿನಾ ಮ್ಯಾಸ್ಲಾಕ್ ರೂಪಿಸಿದ 22 ಹೇಳಿಕೆಗಳ ಮಾಪನವಿದೆ. ಭಾವನಾತ್ಮಕವಾಗಿ ಬರಿದಾಗುವುದು, ರೋಗಿಗಳನ್ನು ವಸ್ತುಗಳಂತೆ ಕಾಣತೊಡಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು ಎಂಬ ಮೂರನ್ನೂ ಅದು ಪ್ರತ್ಯೇಕವಾಗಿ ನೋಡುತ್ತದೆ. ಖಿನ್ನತೆಯನ್ನು ಅಪರೂಪವೆಂದು ತಿಳಿಯಬೇಡಿ. ಡಗ್ಲಸ್ ಮಾಟಾ ಮತ್ತು ಸಂಗಡಿಗರು 54 ಅಧ್ಯಯನಗಳ 17,560 ತರಬೇತಿ ವೈದ್ಯರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವರ ಪ್ರಮಾಣ ಶೇ 28.8. ಖಿನ್ನತೆಗಾಗಿ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯನ್ನು ಬಳಸುವುದಾದರೆ ಅದರ ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ ಇದೆ ಎಂಬುದು ನೆನಪಿರಲಿ. ಆ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅದೇ ದಿನ ಆ ವ್ಯಕ್ತಿಯನ್ನು ಭೇಟಿಯಾಗುವ ಮಾನಸಿಕ ಆರೋಗ್ಯ ತಜ್ಞರು ಯಾರು, ಅವರಿಗೆ ತಿಳಿಸುವವರು ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು, ಹಾಗೆ ಸಂಪರ್ಕಿಸಲಾಗುವುದೆಂದು ಒಪ್ಪಿಗೆ ಪತ್ರದಲ್ಲೂ ಹೇಳಿರಬೇಕು. ಉತ್ತರಗಳನ್ನು ಎರಡು ತಿಂಗಳ ಮೇಲೆ ಕಂಪ್ಯೂಟರಿಗೆ ತುಂಬುವ ಏರ್ಪಾಡಿದ್ದರೆ ಆ ಪ್ರಶ್ನೆಯನ್ನು ಕೇಳಲೇಬಾರದು.

ಫಲಿತಾಂಶ ತಿಳಿಸುವ ಮಾತುಕತೆ ಮುಚ್ಚಿದ ಕೋಣೆಯಲ್ಲಿ, ಇಬ್ಬರ ನಡುವೆ ಮಾತ್ರ ನಡೆಯಲಿ. ಅಂಕವನ್ನು ಒಂದೇ ಸಂಖ್ಯೆಯಾಗಿ ಹೇಳದೆ ವ್ಯಾಪ್ತಿಯಾಗಿ ಹೇಳಿ. ‘ನಿಮ್ಮ ಉತ್ತರಗಳಿಂದ ಹೀಗೆ ಕಾಣುತ್ತಿದೆ, ಇದು ನಿಮಗೆ ಸರಿ ಅನ್ನಿಸುತ್ತದೆಯೇ?’ ಎಂದು ಆರಂಭಿಸಿದರೆ ಅವರಿಗೆ ಇಲ್ಲವೆನ್ನಲು ಅವಕಾಶ ಸಿಗುತ್ತದೆ. ‘ಈ ಆರು ತಿಂಗಳಲ್ಲಿ ಬಿಟ್ಟುಬಿಡೋಣ ಅನ್ನಿಸಿದ್ದು ಯಾವಾಗ? ಅಂದು ಏನಾಯಿತು?’ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಂಟು ಹೇಳಿಕೆಗಳಲ್ಲಿ ಸಿಗದ ವಿವರಗಳೆಲ್ಲ ಇರುತ್ತವೆ. ಸ್ವಭಾವದ ಬಗ್ಗೆ ಮಾತನಾಡುವಾಗ ಅಂತರ್ಮುಖತೆಯನ್ನು ಕೊರತೆಯೆಂಬಂತೆ ಹೇಳಬೇಡಿ. ಹೊರಹೊರಗೆ ಮಾತುಗಾರರಲ್ಲದ ಎಷ್ಟೋ ವೈದ್ಯರು ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರಾಗಿರುತ್ತಾರೆ. ಮಾತಿನ ಕೊನೆಗೆ ಅವರೇ ಆರಿಸಿಕೊಂಡ ಒಂದು ಸಣ್ಣ ಬದಲಾವಣೆಯನ್ನೂ, ಅಧ್ಯಾಪಕರ ಕಡೆಯಿಂದ ಆಗಬೇಕಾದ ಒಂದು ಬದಲಾವಣೆಯನ್ನೂ ಬರೆದುಕೊಳ್ಳಿ. ಎರಡನೆಯದಿಲ್ಲದೆ ಮೊದಲನೆಯದನ್ನಷ್ಟೇ ಕೇಳುವುದು ನ್ಯಾಯವಲ್ಲ.

ಮತ್ತೆ ಅಳೆಯುವುದು, ಗುಂಪಿನ ಮಾಹಿತಿಯನ್ನು ಓದುವುದು

ಒಂದೇ ಸಲದ ಅಳತೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲಾಗದು. ಛಲ ಕಡಿಮೆ ಇರುವವರು ಬೇಗ ಬಳಲುತ್ತಾರೋ, ಬಳಲಿದವರ ಛಲ ಕುಗ್ಗುತ್ತದೋ ಎಂದು ತಿಳಿಯಲು ಅದೇ ಜನರನ್ನು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಅಳೆಯಬೇಕು. ಎರಡನ್ನೂ ಒಂದೇ ದಿನ, ಒಂದೇ ವ್ಯಕ್ತಿಯಿಂದ, ಒಂದೇ ಬಗೆಯ ಹಾಳೆಯಲ್ಲಿ ತುಂಬಿಸಿದಾಗ ಅವುಗಳ ನಡುವಿನ ಸಂಬಂಧ ವಾಸ್ತವಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅತಿ ಕಡಿಮೆ ಅಂಕ ಬಂದವರನ್ನು ಆರಿಸಿ ಕಾರ್ಯಾಗಾರ ನಡೆಸಿ ಮತ್ತೆ ಅಳೆದರೆ ಕಾರ್ಯಾಗಾರದಿಂದ ಏನೂ ಆಗದಿದ್ದರೂ ಅಂಕ ಏರಿರುತ್ತದೆ, ಏಕೆಂದರೆ ಮೊದಲ ಸಲ ಕೆಳತುದಿಯಲ್ಲಿದ್ದವರು ಎರಡನೆಯ ಸಲ ಸರಾಸರಿಯ ಕಡೆಗೆ ಸರಿಯುವುದು ಅಳತೆಯ ಸಹಜ ಗುಣ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದೆ ಯಶಸ್ಸನ್ನು ಘೋಷಿಸಬೇಡಿ.

ಎಷ್ಟು ಜನ ಬೇಕು ಎಂಬುದಕ್ಕೆ ಒಂದು ಅಂದಾಜು: 0.2ರಷ್ಟಿರುವ ಸಹಸಂಬಂಧವನ್ನು ಶೇ 5ರ ಸಾರ್ಥಕತೆಯ ಮಟ್ಟದಲ್ಲಿ (ಇಲ್ಲದ ಸಂಬಂಧವನ್ನು ಇದೆಯೆಂದು ತಪ್ಪಾಗಿ ತಿಳಿಯುವ ಸಂಭವ), ಶೇ 80ರ ಸಾಮರ್ಥ್ಯದೊಂದಿಗೆ (ಇರುವ ಸಂಬಂಧ ಕಣ್ಣಿಗೆ ಬೀಳುವ ಸಂಭವ) ಗುರುತಿಸಲು ಸುಮಾರು 194 ಜನ ಬೇಕು. ಮೂವತ್ತು ಜನರ ಒಂದು ವಿಭಾಗದಲ್ಲಿ ಸಂಬಂಧ ಕಾಣಲಿಲ್ಲವೆಂದರೆ ಸಂಬಂಧವೇ ಇಲ್ಲವೆಂದು ಬರೆಯುವಂತಿಲ್ಲ. ಅಲ್ಲದೆ ಇಲ್ಲಿಗೆ ಬಂದವರೆಲ್ಲ ಕಠಿಣ ಪರೀಕ್ಷೆಗಳನ್ನು ದಾಟಿ ಬಂದವರೇ ಆದ್ದರಿಂದ ಅವರ ಅಂಕಗಳು ಕಿರಿದಾದ ಪಟ್ಟಿಯೊಳಗೆ ಸೇರಿಕೊಂಡಿರುತ್ತವೆ. ಹರವು ಕಿರಿದಾದಷ್ಟೂ ಸಹಸಂಬಂಧ ಚಿಕ್ಕದಾಗಿ ಕಾಣುತ್ತದೆ. ವರದಿ ಬರೆಯುವಾಗ ನಾಲ್ಕೈದು ಜನರಷ್ಟೇ ಇರುವ ಉಪಗುಂಪಿನ ಸರಾಸರಿಯನ್ನು ಕೊಡಬೇಡಿ. ಒಂದು ಘಟಕದ ಮೂವರಲ್ಲಿ ಯಾರ ಅಂಕ ಯಾವುದೆಂದು ಊಹಿಸಲು ಆ ಘಟಕದವರಿಗೆ ಎರಡು ನಿಮಿಷ ಸಾಕು.

ಅಂಕದ ಹಾಳೆಗಳು ತರಬೇತಿಯ ಅಧಿಕೃತ ಕಡತಕ್ಕೆ ಸೇರಬಾರದು, ಶಿಫಾರಸು ಪತ್ರದಲ್ಲಿ ಅವುಗಳ ಪ್ರಸ್ತಾಪವೂ ಬರಬಾರದು. ತರಬೇತಿ ಮುಗಿದ ದಿನ ಪ್ರತಿಯೊಬ್ಬರ ಹಾಳೆಯ ಒಂದು ಪ್ರತಿಯನ್ನು ಅವರ ಕೈಗೇ ಕೊಡಿ. ಸಂಕೇತ ಸಂಖ್ಯೆಗಳ ಪಟ್ಟಿಯನ್ನು ಯಾವ ತಾರೀಕಿನಂದು ನಾಶಪಡಿಸಲಾಗುವುದೆಂದು ಒಪ್ಪಿಗೆ ಪತ್ರದಲ್ಲೇ ಮುದ್ರಿಸಿ, ಆ ತಾರೀಕು ಬಂದಾಗ ನಾಶಪಡಿಸಿ, ಹಾಗೆ ಮಾಡಿದ್ದೇವೆಂದು ಎಲ್ಲರಿಗೂ ಒಂದು ಪತ್ರ ಬರೆದು ತಿಳಿಸಿ.